ದಕ್ಷಿಣ ಕ್ಯಾಲಿಫೋರ್ನಿಯದ ಜಲಸಂಸ್ಥೆಗಳು ಮತ್ತು ಪ್ರಾದೇಶಿಕ ನೀರು ಹಂಚಿಕೆ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ದಕ್ಷಿಣ ಭಾಗದಲ್ಲಿ ನೀರು ಪೂರೈಕೆಯ ಹೊಣೆ ಯಾವ ಒಂದು ಇಲಾಖೆಯದೂ ಅಲ್ಲ. ನಗರಸಭೆಗಳ ನೀರು ವಿಭಾಗಗಳು, ಮತದಾರರು ಆರಿಸಿದ ಮಂಡಳಿ ನಡೆಸುವ ಜಲ ಜಿಲ್ಲೆಗಳು, ರೈತರ ನೀರಾವರಿ ಜಿಲ್ಲೆಗಳು, ಖಾಸಗಿ ನೀರು ಕಂಪನಿಗಳು ಹೀಗೆ ನೂರಾರು ಸ್ಥಳೀಯ ಸಂಸ್ಥೆಗಳು ತಮ್ಮ ತಮ್ಮ ಊರಿಗೆ, ತಮ್ಮ ತಮ್ಮ ಹೊಲಕ್ಕೆ ನೀರು ಕೊಡುತ್ತವೆ. ದೂರದ ನದಿಯಿಂದ ನೀರು ತರುವುದು, ನೆಲದಡಿಯ ನೀರು ಬತ್ತದಂತೆ ಕಾಯುವುದು, ಬರ ಬಂದಾಗ ಕೊರತೆಯನ್ನು ಹಂಚಿಕೊಳ್ಳುವುದು ಮುಂತಾದ, ಒಬ್ಬರಿಂದ ಆಗದ ಕೆಲಸಗಳಿಗೆ ಮಾತ್ರ ಒಂದಾಗುತ್ತವೆ. ಇಲ್ಲಿ ಜಿಲ್ಲೆ ಎಂದರೆ ಕಂದಾಯ ಜಿಲ್ಲೆಯಲ್ಲ. ನೀರಿನ ಕೆಲಸಕ್ಕೆಂದೇ ಗಡಿ ಗುರುತಿಸಿ, ತೆರಿಗೆ ಹಾಕುವ ಅಧಿಕಾರ ಕೊಟ್ಟು ರಚಿಸಿದ ಸ್ಥಳೀಯ ಸರ್ಕಾರ.

ಲಾಸ್ ಏಂಜಲೀಸ್ ನಗರದಲ್ಲಿ ವರ್ಷದ ಸರಾಸರಿ ಮಳೆ 15 ಅಂಗುಲಕ್ಕಿಂತ ಕಡಿಮೆ. ಆ ನಗರವೂ ಸೇರಿದಂತೆ ಮೆಕ್ಸಿಕೊ ಗಡಿಯವರೆಗಿನ ಪ್ರದೇಶದಲ್ಲಿ ಈಗ ಸುಮಾರು 1.9 ಕೋಟಿ ಜನರಿದ್ದಾರೆ. ಇಷ್ಟು ಜನರ ನೀರು ಇಷ್ಟೊಂದು ಕೈಗಳಲ್ಲಿ ಹಂಚಿಹೋಗಿದ್ದೂ ವ್ಯವಸ್ಥೆ ಕುಸಿಯದೆ ನಿಂತದ್ದಕ್ಕೆ ಕಾರಣ ಪರಸ್ಪರ ವಿಶ್ವಾಸ ಎನ್ನುವಂತಿಲ್ಲ. ಇಲ್ಲಿನ ಬಹುಪಾಲು ಒಪ್ಪಂದಗಳು ಕೋರ್ಟಿನ ಅಂಗಳದಲ್ಲಿ ಹುಟ್ಟಿದವು. ಯಾರು ಎಷ್ಟು ಎತ್ತಿದರು ಎಂಬ ಅಳತೆ, ಎಲ್ಲರೂ ತೆರೆದು ನೋಡಬಹುದಾದ ಲೆಕ್ಕಪುಸ್ತಕ, ಖರ್ಚಿನಲ್ಲಿ ಖಚಿತವಾದ ಪಾಲು ಈ ಮೂರೂ ಇದ್ದ ಕಡೆ ಸಹಕಾರ ಉಳಿಯಿತು. ಒಂದು ತಪ್ಪಿದ ಕಡೆ ಜಗಳ ಮತ್ತೆ ಮರುಕಳಿಸಿತು.

ನೀರಿನ ಪ್ರಮಾಣವನ್ನು ಅಲ್ಲಿ ಎಕರೆ-ಅಡಿಯಲ್ಲಿ ಅಳೆಯುತ್ತಾರೆ. ಒಂದು ಎಕರೆ ನೆಲದ ಮೇಲೆ ಒಂದು ಅಡಿ ನಿಲ್ಲುವ ನೀರು ಒಂದು ಎಕರೆ-ಅಡಿ, ಅಂದರೆ ಸುಮಾರು 12.3 ಲಕ್ಷ ಲೀಟರ್. ಹೆಚ್ಚುಕಡಿಮೆ 23,000 ಎಕರೆ-ಅಡಿ ಸೇರಿದರೆ ನಮಗೆ ಪರಿಚಿತವಾದ ಒಂದು ಟಿಎಂಸಿ.

ಒಕ್ಕೂಟದ ಹುಟ್ಟು

1913ರಲ್ಲಿ ಲಾಸ್ ಏಂಜಲೀಸ್ ನಗರ 233 ಮೈಲಿ ದೂರದ ಓವೆನ್ಸ್ ಕಣಿವೆಯಿಂದ ನಾಲೆ ಮಾಡಿ ನೀರು ತಂದಿತು. ಎಂಜಿನಿಯರ್ ವಿಲಿಯಂ ಮಲ್ಹೋಲಂಡ್ ಅದರ ರೂವಾರಿ. ಈ ನೀರು ಬೇಕೆಂದ ಅಕ್ಕಪಕ್ಕದ ಊರುಗಳಿಗೆ ನಗರ ಒಡ್ಡಿದ ಷರತ್ತು ಒಂದೇ: ನಮ್ಮೊಳಗೆ ವಿಲೀನವಾಗಿ. 1915ರಲ್ಲಿ ಸ್ಯಾನ್ ಫರ್ನಾಂಡೊ ಕಣಿವೆಯ ಬಹುಭಾಗ ಹಾಗೆಯೇ ನಗರಕ್ಕೆ ಸೇರಿತು. ಓವೆನ್ಸ್ ಕಣಿವೆಯ ರೈತರಿಗಾದರೋ ಯಾವ ಪಾಲೂ ಉಳಿಯಲಿಲ್ಲ; 1920ರ ದಶಕದಲ್ಲಿ ಅಲ್ಲಿನವರು ನಾಲೆಗೆ ಪದೇಪದೇ ಡೈನಮೈಟ್ ಇಟ್ಟರು.

ಪಸಾಡೀನ, ಬರ್ಬ್ಯಾಂಕ್, ಗ್ಲೆಂಡೇಲ್, ಸಾಂಟಾ ಮೋನಿಕ, ಅನಹೈಮ್ ಮೊದಲಾದ ಊರುಗಳಿಗೆ ವಿಲೀನ ಬೇಡವಾಗಿತ್ತು, ನೀರು ಬೇಕಾಗಿತ್ತು. ಕೊಲರಾಡೊ ನದಿಯ ನೀರು ಹಂಚುವ ಬಗ್ಗೆ ಏಳು ರಾಜ್ಯಗಳ ನಡುವೆ 1922ರಲ್ಲಿ ಒಪ್ಪಂದವಾದ ಮೇಲೆ ಹೊಸ ದಾರಿ ಕಂಡಿತು. ಆದರೆ ಮರುಭೂಮಿ ದಾಟಿಸಿ, ಬೆಟ್ಟ ಹತ್ತಿಸಿ ನೀರು ತರುವ ಖರ್ಚು ಯಾವ ಊರಿನ ಬೊಕ್ಕಸಕ್ಕೂ ಎಟುಕುವಂಥದ್ದಲ್ಲ, ಲಾಸ್ ಏಂಜಲೀಸಿನ ಬೊಕ್ಕಸಕ್ಕೂ ಕೂಡ. 1927ರಲ್ಲಿ ರಾಜ್ಯದ ಶಾಸನಸಭೆ ಇದಕ್ಕೆಂದೇ ಕಾಯಿದೆ ಮಾಡಿತು. 1928ರ ಡಿಸೆಂಬರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಮೆಟ್ರೊಪಾಲಿಟನ್ ವಾಟರ್ ಡಿಸ್ಟ್ರಿಕ್ಟ್ ಸ್ಥಾಪನೆಯಾಯಿತು. ಸೇರಿದ ಊರು ತನ್ನ ಬಾವಿಗಳನ್ನಾಗಲಿ, ಕೊಳಾಯಿ ಜಾಲವನ್ನಾಗಲಿ, ನಗರಸಭೆಯನ್ನಾಗಲಿ ಬಿಟ್ಟುಕೊಡಬೇಕಿಲ್ಲ. ಒಕ್ಕೂಟ ಸಗಟು ನೀರು ತಂದು ಊರಿನ ಬಾಗಿಲಿಗೆ ಮುಟ್ಟಿಸುತ್ತದೆ, ಒಳಗಿನದು ಆಯಾ ಊರಿನ ಕೆಲಸ. ಸೇರದೆ ಉಳಿಯುವ ಸ್ವಾತಂತ್ರ್ಯವೂ ಇತ್ತು. ಬೇರೆ ಬೇರೆ ಗಾತ್ರದ ಊರುಗಳು ಒಂದೇ ಮೇಜಿಗೆ ಬಂದು ಕೂರಲು ಕಾರಣವಾದದ್ದು ಕೆಲಸದ ಈ ವಿಂಗಡಣೆಯೇ.

1931ರಲ್ಲಿ, ಆರ್ಥಿಕ ಮಹಾಕುಸಿತದ ನಡುವೆ, ಮತದಾರರು 22 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಕೊಟ್ಟರು. ತಮ್ಮ ಮನೆ, ಜಮೀನುಗಳ ಮೇಲಿನ ತೆರಿಗೆಯಿಂದ ತೀರಿಸಬೇಕಾದ ಸಾಲ ಅದು. 1933ರಲ್ಲಿ ಕೆಲಸ ಆರಂಭವಾಯಿತು. ಪಾರ್ಕರ್ ಅಣೆಕಟ್ಟಿನ ಹಿಂದಿನ ಹವಾಸು ಜಲಾಶಯದಿಂದ ಮ್ಯಾಥ್ಯೂಸ್ ಜಲಾಶಯದವರೆಗೆ 242 ಮೈಲಿ ನಾಲೆ, ಸುರಂಗ, ಕೊಳವೆಗಳು. ಐದು ಪಂಪ್‌ಹೌಸ್‌ಗಳು ಸೇರಿ ನೀರನ್ನು 1,617 ಅಡಿ ಮೇಲೆತ್ತುತ್ತವೆ. 1941ರಲ್ಲಿ ನೀರು ಬಂತು. ಮುಂದೆ ಉತ್ತರ ಕ್ಯಾಲಿಫೋರ್ನಿಯದ ನೀರನ್ನು ದಕ್ಷಿಣಕ್ಕೆ ಹರಿಸುವ ರಾಜ್ಯ ಜಲಯೋಜನೆಗೆ 1960ರಲ್ಲಿ ಜನ ಮತ ಹಾಕಿದರು. ಅದರ ಅತಿದೊಡ್ಡ ಗ್ರಾಹಕ ಸಂಸ್ಥೆಯೂ ಈ ಒಕ್ಕೂಟವೇ.

ಮತ, ತೆರಿಗೆ, ಪಾಲು

ಒಕ್ಕೂಟದಲ್ಲಿ ಈಗ 26 ಸದಸ್ಯ ಸಂಸ್ಥೆಗಳಿವೆ: 14 ನಗರಗಳು, 11 ಪುರಸಭಾ ಜಲ ಜಿಲ್ಲೆಗಳು, ಒಂದು ಕೌಂಟಿ ಜಲ ಪ್ರಾಧಿಕಾರ. ಆರು ಕೌಂಟಿಗಳಲ್ಲಿ (ನಮ್ಮ ಕಂದಾಯ ಜಿಲ್ಲೆಗಳಂಥವು) ಹರಡಿದ 5,200 ಚದರ ಮೈಲಿ ಇದರ ವ್ಯಾಪ್ತಿ. ಮಂಡಳಿಯಲ್ಲಿ ಮತದ ತೂಕ ಜನಸಂಖ್ಯೆಯನ್ನಾಗಲಿ, ಬಳಸುವ ನೀರನ್ನಾಗಲಿ ಅವಲಂಬಿಸಿಲ್ಲ. ತೆರಿಗೆಗಾಗಿ ನಿಗದಿಯಾದ ಆಸ್ತಿ ಮೌಲ್ಯವನ್ನು ಅವಲಂಬಿಸಿದೆ. ಸಾಲದ ಹೊರೆ ಹೊತ್ತವರಿಗೆ ಹೆಚ್ಚು ಮಾತಿರಲಿ ಎಂಬುದು ಅದರ ಮೂಲ ನ್ಯಾಯ. ಇದರ ಜೊತೆಗೆ, ಬರಗಾಲದಲ್ಲಿ ಯಾರಿಗೆ ಎಷ್ಟು ಮೊದಲ ಹಕ್ಕು ಎಂಬುದನ್ನು, ಆಯಾ ಸಂಸ್ಥೆ ಹಿಂದಿನಿಂದ ಕಟ್ಟಿದ ತೆರಿಗೆಯ ಪ್ರಮಾಣದಲ್ಲಿ ಲೆಕ್ಕ ಹಾಕುವ ಕಲಮೊಂದು ಕಾಯಿದೆಯಲ್ಲಿದೆ.

ಆರಂಭದ ದಶಕಗಳಲ್ಲಿ ಈ ಏರ್ಪಾಡು ವಿಚಿತ್ರ ಫಲ ಕೊಟ್ಟಿತು. ಓವೆನ್ಸ್ ಕಣಿವೆಯ ನೀರಿದ್ದ ಲಾಸ್ ಏಂಜಲೀಸಿಗೆ ಕೊಲರಾಡೊ ನೀರು ಅಷ್ಟಾಗಿ ಬೇಕಿರಲಿಲ್ಲ, ಆದರೂ ತೆರಿಗೆಯಲ್ಲಿ ಅದರ ಪಾಲೇ ದೊಡ್ಡದು. ನಾಲೆ ಬಹುಮಟ್ಟಿಗೆ ಖಾಲಿ ಇದ್ದುದರಿಂದ ಒಕ್ಕೂಟ ಹೊಸ ಹೊಸ ಪ್ರದೇಶಗಳನ್ನು ಸೇರಿಸಿಕೊಳ್ಳುತ್ತ ಹೋಯಿತು. ಹೀಗೆ ಹಿಗ್ಗುತ್ತ ಹೋದರೆ ನಾಳೆ ನಮಗೇ ನೀರು ಸಾಲದೆ ಹೋದೀತು ಎಂದು ಹಳೆಯ ಸದಸ್ಯರು ಆಕ್ಷೇಪಿಸಿದರು. 1952ರಲ್ಲಿ ಮಂಡಳಿ ಲಗೂನಾ ಘೋಷಣೆ ಎಂದು ಹೆಸರಾದ ನಿಲುವು ತಳೆಯಿತು: ವ್ಯಾಪ್ತಿಯೊಳಗಿನ ಎಲ್ಲರ ಬೆಳೆಯುವ ಅಗತ್ಯವನ್ನೂ ಪೂರೈಸುವುದು ಒಕ್ಕೂಟದ ಹೊಣೆ. ಸಣ್ಣ ಊರುಗಳಿಗೆ ಇದು ಅಭಯವಾಯಿತು. ಇದೇ ಮಾತು ಮರುಭೂಮಿಯ ಅಂಚಿನವರೆಗೂ ಮನೆಗಳು ಹಬ್ಬಲು ದಾರಿ ಮಾಡಿಕೊಟ್ಟಿತು ಎಂಬುದನ್ನೂ ಮರೆಯುವಂತಿಲ್ಲ. ನೀರಿನ ಭರವಸೆಗೆ ಮಿತಿ ಹಾಕದ ಸಹಕಾರ ನಗರದ ಮಿತಿಯನ್ನೂ ಅಳಿಸಿಬಿಡುತ್ತದೆ.

ಸ್ಯಾನ್ ಡಿಯೇಗೊ ಕೌಂಟಿಯ ಜಲ ಪ್ರಾಧಿಕಾರ 1944ರಲ್ಲಿ ರಚನೆಯಾಗಿ 1946ರಲ್ಲಿ ಒಕ್ಕೂಟ ಸೇರಿತು. ಯುದ್ಧಕಾಲದಲ್ಲಿ ನೌಕಾಪಡೆಯ ನೆಲೆಯಾಗಿ ದಿಢೀರನೆ ಬೆಳೆದ ಆ ಊರಿಗೆ ಬೇರೆ ಗತಿಯಿರಲಿಲ್ಲ. ಸೇರುವಾಗ ಕೊಲರಾಡೊ ನದಿಯಲ್ಲಿ ತನಗಿದ್ದ 1.12 ಲಕ್ಷ ಎಕರೆ-ಅಡಿಯ ಸ್ವಂತ ಹಕ್ಕನ್ನು ಒಕ್ಕೂಟದ ಹಕ್ಕಿನೊಡನೆ ಬೆರೆಸಿತು. 1990ರ ಹೊತ್ತಿಗೆ ತನ್ನ ನೀರಿನ ಬಹುಪಾಲಿಗೂ ಒಕ್ಕೂಟವನ್ನೇ ನೆಚ್ಚಿತ್ತು. 1991ರ ಬರದಲ್ಲಿ ಪೂರೈಕೆ ಶೇಕಡ 31ರಷ್ಟು ಕಡಿತವಾದಾಗ ಆ ನೆಚ್ಚಿಕೆ ಮುರಿಯಿತು. ಮುಂದಿನ ಮೂರು ದಶಕಗಳ ಜಗಳದ ಬೀಜ ಅಲ್ಲಿದೆ.

ನೆಲದಡಿಯ ನೀರಿಗೆ ಕರಾರು

ಒಕ್ಕೂಟದ ನಾಲೆಗಳು ಕಣ್ಣಿಗೆ ಕಾಣುತ್ತವೆ, ಹೆಸರೂ ಅವುಗಳದ್ದೇ. ಆದರೆ ಸ್ಥಳೀಯ ಸಂಸ್ಥೆಗಳ ಸಹಕಾರದಲ್ಲಿ ನಿಜವಾಗಿ ಹೊಸದೇನಾದರೂ ಈ ಪ್ರದೇಶ ಜಗತ್ತಿಗೆ ಕೊಟ್ಟಿದ್ದರೆ ಅದು ಅಂತರ್ಜಲದ ವಿಷಯದಲ್ಲಿ. ಕೊಳವೆಬಾವಿ ಕೊರೆದವನದೇ ನೀರು ಎಂಬ ಪೈಪೋಟಿಯನ್ನು ನಿಲ್ಲಿಸುವುದು ಅಣೆಕಟ್ಟು ಕಟ್ಟುವುದಕ್ಕಿಂತ ಕಷ್ಟದ ಕೆಲಸ. ನೀರು ಕಾಣುವುದಿಲ್ಲ, ಬೇರೆಯವರು ಎಷ್ಟು ಎತ್ತಿದರೆಂಬುದೂ ಕಾಣುವುದಿಲ್ಲ. ನಾನು ಬಿಟ್ಟದ್ದನ್ನು ಪಕ್ಕದವನು ಎತ್ತಿಕೊಳ್ಳುತ್ತಾನೆ.

ಮೊದಲ ಪ್ರಯತ್ನ ಪಸಾಡೀನ ಸುತ್ತಲಿನ ರೇಮಂಡ್ ಜಲಪಾತ್ರೆಯಲ್ಲಿ, ಅಂದರೆ ಅಲ್ಲಿನ ಅಂತರ್ಜಲದ ಸಂಗ್ರಹದಲ್ಲಿ, ನಡೆಯಿತು. ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚು ನೀರನ್ನು ಎಲ್ಲರೂ ವರ್ಷ ವರ್ಷವೂ ಎತ್ತುತ್ತಿದ್ದರು. 1937ರಲ್ಲಿ ಪಸಾಡೀನ ನಗರ ನೆರೆಯ ಅಲಾಂಬ್ರ ನಗರದ ಮೇಲೂ ಉಳಿದ ಬಳಕೆದಾರರ ಮೇಲೂ ದಾವೆ ಹೂಡಿತು. ಹಳೆಯ ಕಾನೂನಿನ ಪ್ರಕಾರ ಯಾರ ಹಕ್ಕು ಮೊದಲಿನದು ಎಂದು ಬಗೆಹರಿಸಲು ಹೊರಟರೆ ಕೆಲವರು ಪೂರ್ತಿ ಗೆದ್ದು ಕೆಲವರು ಪೂರ್ತಿ ಸೋಲುತ್ತಿದ್ದರು, ಯಾರು ಎಂಬುದು ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ಆ ಅನಿಶ್ಚಯವೇ ಎಲ್ಲರನ್ನೂ ರಾಜಿಗೆ ತಂದಿತು: ಎಲ್ಲರೂ ಒಂದೇ ಪ್ರಮಾಣದಲ್ಲಿ ಕಡಿಮೆ ಎತ್ತುವುದು. 1944ರಲ್ಲಿ ತೀರ್ಪು ಬಂತು. ಒಂದೇ ಒಂದು ಕಂಪನಿ ಒಪ್ಪದೆ ಮೇಲ್ಮನವಿ ಹೋಯಿತು. 1949ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ರಾಜಿಯನ್ನು ಎತ್ತಿಹಿಡಿಯಿತು. ತೀರ್ಪಿನ ಜಾರಿಗೆ ವಾಟರ್‌ಮಾಸ್ಟರ್ ಎಂಬ ಅಧಿಕಾರಿ ಬಂದ. ನಮ್ಮ ಕೆರೆಗಳಲ್ಲಿ ನೀರುಗಂಟಿ ಮಾಡುತ್ತಿದ್ದ ಕೆಲಸವನ್ನೇ ಅವನು ಕೋರ್ಟಿನ ಅಧಿಕಾರದಿಂದ ಮಾಡುತ್ತಾನೆ: ಪ್ರತಿ ಬಾವಿಯ ಮೀಟರು ನೋಡಿ, ಯಾರ ಲೆಕ್ಕ ಎಷ್ಟೆಂದು ವರ್ಷಕ್ಕೊಮ್ಮೆ ಎಲ್ಲರಿಗೂ ತಿಳಿಯುವಂತೆ ವರದಿ ಮಾಡುತ್ತಾನೆ. ತನ್ನಂತೆಯೇ ಪಕ್ಕದವನೂ ಕಡಿತವನ್ನು ಪಾಲಿಸುತ್ತಿದ್ದಾನೆ ಎಂಬ ಖಾತ್ರಿ ಸಿಕ್ಕಿದ್ದು ಆ ವರದಿಯಿಂದ.

ಕರಾವಳಿಯ ಪಶ್ಚಿಮ ಜಲಪಾತ್ರೆಯ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಇಂಗಲ್‌ವುಡ್, ಹಾಥಾರ್ನ್, ಟೊರೆನ್ಸ್ ಮುಂತಾದ ಊರುಗಳು ಮತ್ತು ತೈಲ ಶುದ್ಧೀಕರಣ ಕಾರ್ಖಾನೆಗಳು ಎಷ್ಟು ನೀರೆತ್ತಿದವೆಂದರೆ ಅಂತರ್ಜಲದ ಮಟ್ಟ ಸಮುದ್ರಮಟ್ಟಕ್ಕಿಂತ ಕೆಳಗಿಳಿದು, ಉಪ್ಪುನೀರು ಒಳನುಗ್ಗಿ, ತೀರದ ಬಾವಿಗಳು ಕೆಡತೊಡಗಿದವು. 1945ರಲ್ಲಿ ನೂರಾರು ಪಕ್ಷಗಾರರ ದಾವೆ ಆರಂಭವಾಯಿತು. ಬಳಕೆದಾರರೇ ಸಂಘ ಕಟ್ಟಿಕೊಂಡು ಎಂಜಿನಿಯರುಗಳಿಂದ ಅಧ್ಯಯನ ಮಾಡಿಸಿದರು. ಕೋರ್ಟು ನೇಮಿಸಿದ ಸರ್ಕಾರಿ ತಜ್ಞರ ವರದಿ, ಬಳಕೆಯನ್ನು ಮೂರನೇ ಎರಡು ಭಾಗದಷ್ಟು ಇಳಿಸಬೇಕೆಂದಿತು. ಅಷ್ಟು ಕಡಿತ ಯಾರಿಂದಲೂ ಆಗದು. ಸದಸ್ಯರು ಚರ್ಚಿಸಿ ಸುಮಾರು ಮೂರನೇ ಒಂದು ಭಾಗದ ಕಡಿತಕ್ಕೆ ಒಪ್ಪಿ 1955ರಲ್ಲಿ ಮಧ್ಯಂತರ ಕರಾರು ಮಾಡಿಕೊಂಡರು. ಉಳಿದ ಕೊರತೆಯನ್ನು ಹೊರಗಿನ ನೀರು ತಂದು ತುಂಬುವುದೆಂದು ನಿಶ್ಚಯಿಸಿದರು. ಹಾಥಾರ್ನ್ ನಗರ ಕೊನೆಯವರೆಗೂ ಹೊರಗೆ ನಿಂತು ಕೋರ್ಟಿನಲ್ಲಿ ಸೋತಿತು. 1961ರಲ್ಲಿ ಅಂತಿಮ ತೀರ್ಪು ಬಂತು: ವರ್ಷಕ್ಕೆ ಒಟ್ಟು ಸುಮಾರು 64,500 ಎಕರೆ-ಅಡಿ, ಅಂದರೆ 2.8 ಟಿಎಂಸಿ, ಇಂತಿಂಥವರಿಗೆ ಇಷ್ಟಿಷ್ಟು. ಪಾಲನ್ನು ಮಾರಬಹುದು, ಗುತ್ತಿಗೆ ಕೊಡಬಹುದು.

ಆದರೆ ಉಪ್ಪುನೀರನ್ನು ತೀರ್ಪು ತಡೆಯದು. ಅದಕ್ಕೆ ಮೂರು ಸಂಸ್ಥೆಗಳು ಕೈಜೋಡಿಸಬೇಕಾಯಿತು. ಕೌಂಟಿಯ ಪ್ರವಾಹ ನಿಯಂತ್ರಣ ಜಿಲ್ಲೆ ಕಡಲತೀರದ ಉದ್ದಕ್ಕೂ ಬಾವಿಗಳ ಸಾಲು ಕೊರೆದು ಸಿಹಿನೀರನ್ನು ಒತ್ತಡದಿಂದ ನೆಲದೊಳಕ್ಕೆ ಇಳಿಸಿತು. ನೆಲದಡಿ ನೀರಿನದೇ ಒಂದು ಗೋಡೆ ಎದ್ದಂತಾಗಿ ಸಮುದ್ರ ಹಿಂದೆ ನಿಂತಿತು. ಆಗ ಇಳಿಸಿದ ನೀರು ಮೆಟ್ರೊಪಾಲಿಟನ್ ಒಕ್ಕೂಟದ್ದು, ಅದನ್ನು ಪಡೆಯಲೆಂದೇ ಊರುಗಳು 1947ರಲ್ಲಿ ವೆಸ್ಟ್ ಬೇಸಿನ್ ಜಲ ಜಿಲ್ಲೆಯನ್ನು ರಚಿಸಿಕೊಂಡಿದ್ದವು. ಹಣಕ್ಕಾಗಿ 1959ರಲ್ಲಿ ಮತದಾರರು ಜಲ ಮರುಪೂರಣ ಜಿಲ್ಲೆಯೊಂದನ್ನು ಸ್ಥಾಪಿಸಿದರು. ಅದು ಎತ್ತಿದ ಪ್ರತಿ ಎಕರೆ-ಅಡಿಗೂ ಬಳಕೆದಾರರಿಂದ ಶುಲ್ಕ ಪಡೆಯುತ್ತದೆ. ಪಕ್ಕದ ಕೇಂದ್ರ ಜಲಪಾತ್ರೆಯವರು ಇದನ್ನೆಲ್ಲ ನೋಡಿ ಕಲಿತಿದ್ದರು. ಅಲ್ಲಿ 1962ರಲ್ಲಿ ಹೂಡಿದ ದಾವೆ 1965ಕ್ಕೇ ರಾಜಿಯಲ್ಲಿ ಮುಗಿಯಿತು.

ಈ ವಿದ್ಯಮಾನವನ್ನು ಸಭೆ ಸಭೆಯಾಗಿ, ಕಡತ ಕಡತವಾಗಿ ಅಭ್ಯಸಿಸಿದವರು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಎಲಿನೋರ್ ಆಸ್ಟ್ರಮ್. ಪಶ್ಚಿಮ ಜಲಪಾತ್ರೆಯ ಮೇಲಿನ ಅವರ ಪಿಎಚ್‌ಡಿ ಪ್ರಬಂಧ 1965ರದು. ಸಾಮೂಹಿಕ ಸಂಪತ್ತು ಹಾಳಾಗುವುದು ಅನಿವಾರ್ಯ, ಸರ್ಕಾರ ಇಲ್ಲವೇ ಖಾಸಗಿ ಒಡೆತನ ಮಾತ್ರ ಅದನ್ನು ಉಳಿಸಬಲ್ಲದು ಎಂಬ ವಾದವನ್ನು ಗ್ಯಾರೆಟ್ ಹಾರ್ಡಿನ್ ಮಂಡಿಸಿದ್ದು ಅದಾದ ಮೂರು ವರ್ಷಕ್ಕೆ, 1968ರಲ್ಲಿ. ಬಳಕೆದಾರರೇ ಕೂತು ನಿಯಮ ಮಾಡಿಕೊಂಡು ಪಾಲಿಸಿದ ನಿದರ್ಶನ ಆಸ್ಟ್ರಮ್ ಅವರ ಕೈಯಲ್ಲಿ ಆಗಲೇ ಇತ್ತು. ಆ ದಾರಿಯಲ್ಲೇ ಮುಂದುವರಿದು 2009ರಲ್ಲಿ ಅವರು ಅರ್ಥಶಾಸ್ತ್ರದ ನೊಬೆಲ್ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಸಾಮುದಾಯಿಕ ಸಂಪನ್ಮೂಲಗಳ ಬಗ್ಗೆ ಇಂದು ಎಲ್ಲ ಕಡೆ ಕಲಿಸುವ ಪಾಠದ ಬೇರು, ಈ ಕಡಲತೀರದ ಕೆಟ್ಟುಹೋಗುತ್ತಿದ್ದ ಬಾವಿಗಳಲ್ಲಿದೆ.

ಒಂದು ನದಿ, ಮೇಲಿನವರು, ಕೆಳಗಿನವರು

ಸಾಂಟಾ ಆನಾ ನದಿ ಸ್ಯಾನ್ ಬರ್ನಾರ್ಡಿನೊ ಬೆಟ್ಟಗಳಲ್ಲಿ ಹುಟ್ಟಿ ಆರೆಂಜ್ ಕೌಂಟಿಯಲ್ಲಿ ಸಮುದ್ರ ಸೇರುತ್ತದೆ. ಮೇಲ್ಭಾಗದ ಊರುಗಳು ಬೆಳೆದಂತೆ ತಮ್ಮ ಪಾಲು ಕರಗುತ್ತಿದೆ ಎಂದು 1963ರಲ್ಲಿ ಆರೆಂಜ್ ಕೌಂಟಿ ಜಲ ಜಿಲ್ಲೆ ಮೇಲಿನ ಸಾವಿರಾರು ಬಳಕೆದಾರರ ಮೇಲೆ ದಾವೆ ಹೂಡಿತು. ಅಷ್ಟು ಜನರ ಹಕ್ಕನ್ನು ಒಂದೊಂದಾಗಿ ವಿಚಾರಿಸಿದ್ದರೆ ಒಂದು ತಲೆಮಾರು ಕಳೆಯುತ್ತಿತ್ತು. 1969ರ ರಾಜಿಯ ಬುದ್ಧಿವಂತಿಕೆ ಇಲ್ಲಿದೆ: ಸಾವಿರಾರು ಜನರನ್ನು ದಾವೆಯಿಂದ ಕೈಬಿಟ್ಟು, ಮೇಲಿನ ಮೂರು, ಕೆಳಗಿನ ಒಂದು, ಹೀಗೆ ನಾಲ್ಕು ದೊಡ್ಡ ಜಿಲ್ಲೆಗಳು ತಮ್ಮ ತಮ್ಮ ಪ್ರದೇಶದ ಪರವಾಗಿ ಹೊಣೆ ಹೊತ್ತವು. ಪ್ರಾಡೊ ಅಣೆಕಟ್ಟಿನ ಬಳಿ ವರ್ಷಕ್ಕೆ 42,000 ಎಕರೆ-ಅಡಿ ಮೂಲ ಹರಿವು ಕೆಳಗೆ ಬರಬೇಕು. ನೀರಿನ ಉಪ್ಪಿನಂಶ ನೋಡಿ ಆ ಅಂಕಿಯನ್ನು ಸರಿಹೊಂದಿಸುತ್ತಾರೆ. ಹೆಚ್ಚು ಬಿಟ್ಟರೆ ಖಾತೆಗೆ ಜಮೆ. ಅಷ್ಟು ಬಂದರೆ ಮೇಲಿನವರು ತಮ್ಮೊಳಗೆ ಹೇಗೆ ಬಳಸಿದರೂ ಕೆಳಗಿನವರು ಕೇಳುವಂತಿಲ್ಲ. ಪರಿಮಾಣದಷ್ಟೇ ಗುಣಮಟ್ಟಕ್ಕೂ ಲೆಕ್ಕದಲ್ಲಿ ಜಾಗ ಕೊಟ್ಟದ್ದು ಈ ಒಪ್ಪಂದದ ಹೆಚ್ಚುಗಾರಿಕೆ. ಕಣಿವೆಯ ಜಿಲ್ಲೆಗಳು ಮುಂದೆ ಸಾಂಟಾ ಆನಾ ಜಲಾನಯನ ಯೋಜನಾ ಪ್ರಾಧಿಕಾರವನ್ನು ಕಟ್ಟಿಕೊಂಡು, ಉಪ್ಪು ತುಂಬಿದ ತ್ಯಾಜ್ಯನೀರನ್ನು ನದಿಗೆ ಬಿಡದೆ ಸಮುದ್ರದ ಕಡೆಗೆ ಒಯ್ಯುವ ಪ್ರತ್ಯೇಕ ಕೊಳವೆಯನ್ನೇ ಹಾಕಿವೆ.

ಕೆಳಗಿನ ಆರೆಂಜ್ ಕೌಂಟಿಯೂ ಸುಮ್ಮನೆ ಕೂರಲಿಲ್ಲ. 1933ರಲ್ಲಿ ಹುಟ್ಟಿದ ಅಲ್ಲಿನ ಜಲ ಜಿಲ್ಲೆ ತನ್ನ ಅಂತರ್ಜಲಕ್ಕೆ ಕೋರ್ಟಿನ ಹಂಚಿಕೆ ಬಯಸಲಿಲ್ಲ. ಎತ್ತುವ ನೀರಿಗೆ ಶುಲ್ಕ ಹಾಕಿ, ಮಿತಿ ಮೀರಿದವರಿಗೆ ಆ ನೀರು ಹೊರಗಿನ ನೀರಿನಷ್ಟೇ ದುಬಾರಿಯಾಗುವಂತೆ ಮಾಡಿತು. 2008ರಲ್ಲಿ ಕೌಂಟಿಯ ಒಳಚರಂಡಿ ಜಿಲ್ಲೆಯೊಡನೆ ಸೇರಿ, ಸಂಸ್ಕರಿಸಿದ ಕೊಳಚೆ ನೀರನ್ನು ಕುಡಿಯುವಷ್ಟು ಶುದ್ಧಗೊಳಿಸಿ ನೆಲಕ್ಕಿಳಿಸುವ ಘಟಕ ತೆರೆಯಿತು. ದಿನಕ್ಕೆ 7 ಕೋಟಿ ಗ್ಯಾಲನ್‌ನಿಂದ ಆರಂಭವಾದ ಅದರ ಸಾಮರ್ಥ್ಯ 2023ರಲ್ಲಿ 13 ಕೋಟಿ ಗ್ಯಾಲನ್‌ಗೆ, ಅಂದರೆ ಸುಮಾರು 490 ಎಂಎಲ್‌ಡಿಗೆ ಏರಿತು. ಒಂದು ಸಂಸ್ಥೆಗೆ ಕೊಳಚೆಯನ್ನು ಸಮುದ್ರಕ್ಕೆ ಒಯ್ಯುವ ಖರ್ಚು ಉಳಿಯಿತು, ಇನ್ನೊಂದಕ್ಕೆ ಬರಕ್ಕೆ ಬಗ್ಗದ ನೀರು ದಕ್ಕಿತು.

ಹೊಲದಿಂದ ನಗರಕ್ಕೆ

ಕೊಲರಾಡೊ ನದಿಯಲ್ಲಿ ಕ್ಯಾಲಿಫೋರ್ನಿಯದ ಖಚಿತ ಪಾಲು ವರ್ಷಕ್ಕೆ 44 ಲಕ್ಷ ಎಕರೆ-ಅಡಿ. ಟಿಎಂಸಿ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ 192, ಅಂದರೆ ಕಾವೇರಿ ನ್ಯಾಯಮಂಡಳಿ 2007ರಲ್ಲಿ ತಮಿಳುನಾಡಿಗೆ ಬಿಡಬೇಕೆಂದು ಹೇಳಿದ್ದಷ್ಟು. ಅದರಲ್ಲಿ 38.5 ಲಕ್ಷ ಎಕರೆ-ಅಡಿಯ ಮೊದಲ ಹಕ್ಕು ರೈತರದು ಎಂದು 1931ರ ಏಳು ಪಕ್ಷಗಳ ಒಪ್ಪಂದ ಹೇಳುತ್ತದೆ. ಮೆಟ್ರೊಪಾಲಿಟನ್ ಒಕ್ಕೂಟಕ್ಕೆ ಖಚಿತವಾಗಿ ಸಿಗುವುದು 5.5 ಲಕ್ಷ. ಅದರ ನಾಲೆಯೋ ಇದರ ಎರಡರಷ್ಟಕ್ಕಿಂತ ಹೆಚ್ಚು ಒಯ್ಯಬಲ್ಲದು. ಅರಿಜೋನ ತನ್ನ ಪಾಲನ್ನು ಬಳಸದೆ ಬಿಟ್ಟಿದ್ದ ಕಾಲಕ್ಕೆ ನಾಲೆ ತುಂಬುವಷ್ಟು ನೀರು ಸಿಗುತ್ತಿತ್ತು. 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅರಿಜೋನದ ಹಕ್ಕನ್ನು ಎತ್ತಿಹಿಡಿದು, ಆ ರಾಜ್ಯವೂ ನಾಲೆ ಕಟ್ಟಿದ ಮೇಲೆ, ದಕ್ಷಿಣ ಕ್ಯಾಲಿಫೋರ್ನಿಯದ ನಗರಗಳು ರೈತರ ಕಡೆ ತಿರುಗಬೇಕಾಯಿತು.

1991ರ ಕಡಿತದಿಂದ ಎಚ್ಚೆತ್ತ ಸ್ಯಾನ್ ಡಿಯೇಗೊ, ಇಂಪೀರಿಯಲ್ ನೀರಾವರಿ ಜಿಲ್ಲೆಯಿಂದ ನೇರವಾಗಿ ನೀರು ಕೊಳ್ಳಲು 1998ರಲ್ಲಿ ಕರಾರು ಮಾಡಿಕೊಂಡಿತು. 2003ರ ಅಕ್ಟೋಬರಿನಲ್ಲಿ ಎಲ್ಲ ಪಕ್ಷಗಳೂ ಸಹಿ ಹಾಕಿದ ಬೃಹತ್ ಒಡಂಬಡಿಕೆಯಿಂದ ಅದು ಜಾರಿಗೆ ಬಂತು: ವರ್ಷಕ್ಕೆ 2 ಲಕ್ಷ ಎಕರೆ-ಅಡಿಯವರೆಗೆ, ಜೊತೆಗೆ ಮಣ್ಣಿನ ಕಾಲುವೆಗಳಿಗೆ ಕಾಂಕ್ರೀಟ್ ಹಾಸಿ ಉಳಿಸಿದ ನೀರು. ಆದರೆ ಆ ನೀರು ಬರಬೇಕಾದದ್ದು ಮೆಟ್ರೊಪಾಲಿಟನ್ ಒಕ್ಕೂಟದ ನಾಲೆಯಲ್ಲೇ. ಸಾಗಣೆಗೆ ಎಷ್ಟು ದರ ಹಾಕಬೇಕು ಎಂಬ ಬಗ್ಗೆ 2010ರಲ್ಲಿ ಆರಂಭವಾದ ವ್ಯಾಜ್ಯ 2025ರಲ್ಲಷ್ಟೇ ರಾಜಿಯಲ್ಲಿ ಮುಗಿಯಿತು.

ಈ ಒಡಂಬಡಿಕೆಯ ನಿಜವಾದ ಬೆಲೆ ತೆತ್ತವರು ಮೇಜಿನ ಬಳಿ ಇರಲಿಲ್ಲ. ಇಂಪೀರಿಯಲ್ ಕಣಿವೆಯ ಹೊಲಗಳಿಂದ ಬಸಿದ ನೀರೇ ಸಾಲ್ಟನ್ ಸರೋವರದ ಜೀವಾಳ. ಹೊಲದಲ್ಲಿ ನೀರು ಉಳಿಸಿದಷ್ಟೂ ಸರೋವರಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಸರೋವರಕ್ಕೆ ಪರಿಹಾರವಾಗಿ ಬಿಡುತ್ತಿದ್ದ ನೀರು 2017ರ ಕೊನೆಗೆ ನಿಂತಿತು. ದಂಡೆ ಹಿಂದೆ ಸರಿದು ಬಯಲಾದ ತಳದಿಂದ ಏಳುವ ಧೂಳು ಸುತ್ತಲಿನ ಬಡ ಊರುಗಳ ಮಕ್ಕಳ ಉಸಿರಿಗೆ ಸೇರುತ್ತಿದೆ. ಎರಡು ಸಂಸ್ಥೆಗಳಿಗೆ ಲಾಭವಾದ ಮಾತ್ರಕ್ಕೆ ಒಪ್ಪಂದ ನ್ಯಾಯವಾಗುವುದಿಲ್ಲ.

ಇತ್ತೀಚಿನ ಬೆಳವಣಿಗೆಗಳು

2022ರ ಬರದಲ್ಲಿ ರಾಜ್ಯ ಜಲಯೋಜನೆ ಕೋರಿದ ನೀರಿನ ಶೇಕಡ 5 ಮಾತ್ರ ಕೊಟ್ಟಿತು. ಒಕ್ಕೂಟದ ಬಳಿ ಕೊಲರಾಡೊ ನೀರಿತ್ತು, ಸುಮಾರು 35 ಟಿಎಂಸಿ ಹಿಡಿಯುವ ಡೈಮಂಡ್ ವ್ಯಾಲಿ ಜಲಾಶಯವಿತ್ತು. ಆದರೆ ವೆಂಚುರ, ಲಾಸ್ ಏಂಜಲೀಸ್, ಸ್ಯಾನ್ ಬರ್ನಾರ್ಡಿನೊ ಕೌಂಟಿಗಳ ಕೆಲವು ಭಾಗಗಳಿಗೆ ಅದನ್ನು ಮುಟ್ಟಿಸುವ ಕೊಳವೆಗಳಿರಲಿಲ್ಲ. ಆರು ಸದಸ್ಯ ಸಂಸ್ಥೆಗಳ ಸುಮಾರು 60 ಲಕ್ಷ ಜನರ ಮೇಲೆ ತುರ್ತು ನಿರ್ಬಂಧ ಬಿತ್ತು, ಹಲವೆಡೆ ತೋಟಕ್ಕೆ ವಾರಕ್ಕೊಂದೇ ದಿನ ನೀರು. ದಶಕಗಳಿಂದ ಸಮಾನ ಸದಸ್ಯರಾಗಿ ಹಣ ಕಟ್ಟಿದವರು ನೀರಿನ ಭದ್ರತೆಯಲ್ಲಿ ಸಮಾನರಲ್ಲ ಎಂಬುದು ಆಗ ಬಯಲಾಯಿತು. ಎಲ್ಲ ಸದಸ್ಯರಿಗೂ ಸಮಾನ ಭದ್ರತೆ ಒದಗಿಸುವುದಾಗಿ ಮಂಡಳಿ ಅದೇ ವರ್ಷ ನಿರ್ಣಯ ಮಾಡಿ, ಕೊಳವೆ ಜೋಡಣೆಯ ಕಾಮಗಾರಿಗಳನ್ನು ಕೈಗೆತ್ತಿಕೊಂಡಿತು.

ಇನ್ನೊಂದು ಬಿಕ್ಕಟ್ಟು ಮಿತವ್ಯಯದಿಂದಲೇ ಹುಟ್ಟಿದ್ದು. ಲಾಸ್ ಏಂಜಲೀಸ್ ನಗರ 1970ಕ್ಕೆ ಹೋಲಿಸಿದರೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಹೆಚ್ಚಿದ್ದರೂ ಅಂದಿಗಿಂತ ಕಡಿಮೆ ನೀರು ಬಳಸುತ್ತಿದೆ. ಮಾರಾಟ ಇಳಿದರೂ ನಾಲೆ, ಜಲಾಶಯಗಳ ಸಾಲ ಇಳಿಯದು. ಉಳಿದವರ ದರ ಏರುತ್ತದೆ. ಸ್ಯಾನ್ ಡಿಯೇಗೊ ಪ್ರಾಧಿಕಾರ ಭದ್ರತೆಗೆಂದು ಇಂಪೀರಿಯಲ್ ಕರಾರಿನ ಮೇಲೆ 2015ರಲ್ಲಿ ಕಾರ್ಲ್ಸ್‌ಬಾಡ್‌ನ ಸಮುದ್ರನೀರು ಶುದ್ಧೀಕರಣ ಘಟಕವನ್ನೂ ನೆಚ್ಚಿಕೊಂಡಿತು, ಅದರ ನೀರು ದುಬಾರಿ. ಬೆಣ್ಣೆಹಣ್ಣಿನ ತೋಟಗಳ ಫಾಲ್‌ಬ್ರೂಕ್ ಮತ್ತು ರೇನ್‌ಬೋ ಜಿಲ್ಲೆಗಳು ಈ ದರ ತಾಳಲಾರದೆ, 2023ರಲ್ಲಿ ಮತದಾರರ ಒಪ್ಪಿಗೆ ಪಡೆದು, ರಿವರ್‌ಸೈಡ್ ಕೌಂಟಿಯ ಈಸ್ಟರ್ನ್ ಜಿಲ್ಲೆಯನ್ನು ಸೇರಿದವು. ಬಿಟ್ಟುಹೋಗಲು ಅವು ಪ್ರಾಧಿಕಾರಕ್ಕೆ ಹಣವನ್ನೂ ಕಟ್ಟಬೇಕಾಯಿತು. ಪ್ರಾಧಿಕಾರದಂಥ ಸಂಸ್ಥೆಯಿಂದ ಹೊರಹೋಗುವವರು ಹಳೆಯ ಸಾಲದ ಎಷ್ಟು ಪಾಲು ಹೊರಬೇಕು ಎಂಬುದು ಈಗ ಕಾನೂನು ತಜ್ಞರ ದೊಡ್ಡ ಚರ್ಚೆ.

ರಾಜ್ಯದ ಉಳಿದ ಬಹುತೇಕ ಭಾಗಗಳಲ್ಲಿ ಅಂತರ್ಜಲಕ್ಕೆ ಹೇಳುವವರು ಕೇಳುವವರು ಇರಲಿಲ್ಲ. 2014ರ ಸುಸ್ಥಿರ ಅಂತರ್ಜಲ ಕಾಯಿದೆ ಆ ಕೊರತೆ ತುಂಬಲು ಬಂತು. ಸ್ಥಳೀಯ ಸಂಸ್ಥೆಗಳೇ ಒಗ್ಗೂಡಿ ಪ್ರತಿ ಮುಖ್ಯ ಜಲಪಾತ್ರೆಗೂ ಯೋಜನೆ ಮಾಡಬೇಕು, ಮಾಡದಿದ್ದರೆ ರಾಜ್ಯ ಕೈಹಾಕುತ್ತದೆ. ಕೋರ್ಟಿನ ತೀರ್ಪಿನಡಿ ಆಗಲೇ ಹಂಚಿಕೆಯಾಗಿದ್ದ ರೇಮಂಡ್‌ನಂಥ ಜಲಪಾತ್ರೆಗಳಿಗೆ ಬಹುಮಟ್ಟಿಗೆ ವಿನಾಯಿತಿ ಸಿಕ್ಕಿತು.

ಈ ನಡುವೆ ಒಕ್ಕೂಟವು ಲಾಸ್ ಏಂಜಲೀಸ್ ಕೌಂಟಿಯ ಒಳಚರಂಡಿ ಜಿಲ್ಲೆಗಳ ಜೊತೆ ಕಾರ್ಸನ್ ಪಟ್ಟಣದಲ್ಲಿ ದಿನಕ್ಕೆ 15 ಕೋಟಿ ಗ್ಯಾಲನ್‌ವರೆಗೆ ಕೊಳಚೆ ನೀರನ್ನು ಶುದ್ಧಗೊಳಿಸುವ ಘಟಕವನ್ನು ಯೋಜಿಸಿದೆ. ಅದರ ಯೋಜನಾ ಹಂತದ ಖರ್ಚಿಗೆ ನೆವಾಡ ಮತ್ತು ಅರಿಜೋನ ರಾಜ್ಯಗಳ ಜಲಸಂಸ್ಥೆಗಳೂ ಕೈಜೋಡಿಸಿವೆ. ಸಮುದ್ರಕ್ಕೆ ಹತ್ತಿರದ ಆ ಘಟಕದಿಂದ ಒಂದು ಹನಿಯೂ ಮರುಭೂಮಿಯ ಆ ರಾಜ್ಯಗಳಿಗೆ ಹೋಗುವುದಿಲ್ಲ. ಅಲ್ಲಿ ತಯಾರಾದಷ್ಟು ನೀರನ್ನು ಕ್ಯಾಲಿಫೋರ್ನಿಯ ಕೊಲರಾಡೊದಲ್ಲಿ ಎತ್ತದೆ ಬಿಟ್ಟರೆ ಅದನ್ನು ಅವರು ನದಿಯಲ್ಲೇ ಎತ್ತಿಕೊಳ್ಳಬಹುದು ಎಂಬುದು ಅವರ ಲೆಕ್ಕಾಚಾರ.